ಮೊದಲ 200 ಕಿ.ಮೀ. ಬ್ರೆವೆಗೆ ತಯಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರೆವೆ ಅನ್ನುವ ದೂರದ ಸೈಕಲ್ ಸವಾರಿಗೆ ಹೆಸರು ಕೊಟ್ಟ ಮರುದಿನದಿಂದ ಹೊಸಬರ ಫೋನು ಶುರುವಾಗುತ್ತದೆ. ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಬೆಂಗಳೂರಿನ ಸುತ್ತಮುತ್ತ ಕೆಲವು ವರ್ಷ ಸೈಕಲ್ ತುಳಿದು, ಎರಡು ಸಲ ಅರ್ಧಕ್ಕೇ ಬಿಟ್ಟು, ಒಂದು ಸಲ ಟೈಮ್ ಮೀರಿ ಬಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಬ್ರೆವೆ ಅಂದ್ರೆ ಏನು? ಬಿಆರ್‌ಎಂ ಅಂತಾರಲ್ಲ, ಅದೇನಾ?

ಅದೇ. ಬಿಆರ್‌ಎಂ ಅಂದರೆ ಬ್ರೆವೆ ದ ರಾಂಡನರ್ ಮೊಂಡಿಯೊ. ಬ್ರೆವೆ ಅನ್ನುವುದು ಫ್ರೆಂಚ್ ಪದ, ಪ್ರಮಾಣಪತ್ರ ಅಂತ ಅರ್ಥ. ರಾಂಡನರ್ ಅಂದರೆ ಇಂಥ ದೂರದ ಸವಾರಿ ಮಾಡುವವರು. ಇಷ್ಟು ದೂರವನ್ನು ಇಷ್ಟು ಗಂಟೆಯೊಳಗೆ, ನಡುದಾರಿಯಲ್ಲಿ ಹೊರಗಿನವರ ಸಹಾಯವಿಲ್ಲದೆ ಸೈಕಲ್ಲಿನಲ್ಲಿ ಮುಗಿಸಬೇಕು. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ, 1000ಕ್ಕೆ 75 ಗಂಟೆ. ಈ ನಿಯಮಗಳನ್ನೆಲ್ಲ ನೋಡಿಕೊಳ್ಳುವುದು ಪ್ಯಾರಿಸ್ಸಿನ ಒಂದು ಹಳೇ ಕ್ಲಬ್ಬು. ಅದರ ಹೆಸರು ಆಡ್ಯಾಕ್ಸ್ ಕ್ಲಬ್ ಪ್ಯಾರಿಸಿಯನ್, ಶುರುವಾದದ್ದು 1904ರಲ್ಲಿ. ನಮ್ಮ ದೇಶದಲ್ಲಿ ಆಡ್ಯಾಕ್ಸ್ ಇಂಡಿಯಾ ರಾಂಡನರ್ಸ್ ಸಂಸ್ಥೆಯ ಅಡಿಯಲ್ಲಿ ಊರೂರಿನ ಕ್ಲಬ್ಬುಗಳು ಇವನ್ನು ನಡೆಸುತ್ತವೆ.

ಶುರುವಿನಲ್ಲಿ ಕೈಗೊಂದು ಬ್ರೆವೆ ಕಾರ್ಡು ಕೊಡುತ್ತಾರೆ. ದಾರಿಯಲ್ಲಿ ಕಂಟ್ರೋಲ್ ಅಂತ ಕೆಲವು ಜಾಗಗಳಿರುತ್ತವೆ. ಅಲ್ಲಿ ಸೀಲು, ಸಹಿ ಅಥವಾ ಅಂಗಡಿಯ ಬಿಲ್ಲು ಬೇಕು. ಒಂದೊಂದು ಕಂಟ್ರೋಲಿಗೂ ಬಾಗಿಲು ಮುಚ್ಚುವ ಹೊತ್ತಿದೆ. ಬೆಳಗ್ಗೆ 6ಕ್ಕೆ ಹೊರಟರೆ 100ನೇ ಕಿ.ಮೀ.ನ ಕಂಟ್ರೋಲು ಮಧ್ಯಾಹ್ನ 12:40ಕ್ಕೆ ಮುಚ್ಚುತ್ತದೆ.

ಇದು ರೇಸ್ ಅಲ್ವಾ?

ಅಲ್ಲ. ಮೊದಲನೇ ಸ್ಥಾನ, ಎರಡನೇ ಸ್ಥಾನ ಅಂತ ಇಲ್ಲ. 8 ಗಂಟೆಗೆ ಮುಗಿಸಿದವರಿಗೂ 13 ಗಂಟೆ 29 ನಿಮಿಷಕ್ಕೆ ಬಂದವರಿಗೂ ಸಿಗುವ ಮನ್ನಣೆ ಒಂದೇ.

ನನ್ನ ಸರಾಸರಿ ವೇಗ 20 ಕಿ.ಮೀ. ಅಷ್ಟೇ. ಆಗುತ್ತಾ?

ಧಾರಾಳವಾಗಿ ಆಗುತ್ತದೆ. ಆದರೆ ಒಂದು ಲೆಕ್ಕ ಅರ್ಥ ಮಾಡಿಕೊಳ್ಳಿ, ಈ ಬರಹದಲ್ಲಿ ಬೇರೆಲ್ಲ ಮರೆತರೂ ಪರವಾಗಿಲ್ಲ.

ಗಂಟೆಗೆ 20ರಂತೆ ತುಳಿದರೆ 200 ಕಿ.ಮೀ.ಗೆ 10 ಗಂಟೆ. ಉಳಿದ ಮೂರೂವರೆ ಗಂಟೆ ತಿಂಡಿ, ಊಟ, ನೀರು, ಪಂಕ್ಚರ್, ಶೌಚಾಲಯ ಎಲ್ಲಕ್ಕೂ ಸೇರಿ. 18ರಂತೆ ತುಳಿದರೆ ಸುಮಾರು 11 ಗಂಟೆ 7 ನಿಮಿಷ ಬೇಕು, ಉಳಿಯುವುದು 2 ಗಂಟೆ 23 ನಿಮಿಷ. ಹಾಗೂ ಮುಗಿಸಬಹುದು. 20 ಇರುವುದನ್ನು 22ಕ್ಕೆ ಏರಿಸಬೇಕೆಂದರೆ ತಿಂಗಳುಗಟ್ಟಲೆ ಬೆವರು ಸುರಿಸಬೇಕು. ಅಷ್ಟು ಕಷ್ಟಪಟ್ಟರೆ ಉಳಿಯುವುದು ಸುಮಾರು 55 ನಿಮಿಷ. ಅದೇ 55 ನಿಮಿಷ ಒಂದು ಹೋಟೆಲಿನಲ್ಲಿ ಕೂತರೆ ಗೊತ್ತೇ ಆಗದೆ ಹೋಗಿಬಿಡುತ್ತದೆ.

ನನ್ನ ಮೊದಲ ಬ್ರೆವೆ ಕೆಟ್ಟದ್ದು ಹಾಗೇ. ಕಾಲು ಚೆನ್ನಾಗಿತ್ತು, ಸೈಕಲ್ ಚೆನ್ನಾಗಿತ್ತು. ಶಿರಾ ಹತ್ತಿರ ಒಂದು ಹೋಟೆಲಿಗೆ ನುಗ್ಗಿ ಮಸಾಲೆ ದೋಸೆ ಹೇಳಿದೆ. ಭಾನುವಾರ, ಜನ ತುಂಬಿದ್ದರು. ದೋಸೆ ಬರಲು ಇಪ್ಪತ್ತೈದು ನಿಮಿಷ, ತಿನ್ನಲು ಹತ್ತು, ಕಾಫಿಗೆ ಹತ್ತು, ಕೈತೊಳೆದು ಮೊಬೈಲು ನೋಡಿಕೊಂಡು ಹೊರಡುವಾಗ ಮುಕ್ಕಾಲು ಗಂಟೆ ಮೇಲಾಗಿತ್ತು. ಮುಗಿಸಿದ್ದು 13 ಗಂಟೆ 41 ನಿಮಿಷಕ್ಕೆ. ಹನ್ನೊಂದು ನಿಮಿಷ ತಡ! ಅವತ್ತಿನಿಂದ ಹೋಟೆಲಿಗೆ ಹೋದರೆ ಮೊದಲು ಕೇಳುವುದು, "ರೆಡಿ ಏನಿದೆ?" ಇಡ್ಲಿ ರೆಡಿ ಇರುತ್ತದೆ. ದೋಸೆ ಇರಲ್ಲ.

ಎಷ್ಟು ದಿನದ ತಯಾರಿ ಬೇಕು?

ಈಗ ಆರಾಮಾಗಿ 30 ಕಿ.ಮೀ. ಹೋಗಿ ಬರುತ್ತೀರಿ ಅಂದರೆ ಹನ್ನೆರಡು ವಾರ ಸಾಕು. ವಾರದ ನಡುವೆ ಎರಡು ದಿನ, ಒಂದೊಂದು ಗಂಟೆ. ಭಾನುವಾರ ಒಂದು ಉದ್ದದ ಸವಾರಿ. 40ರಿಂದ ಶುರು ಮಾಡಿ ವಾರವಾರ ಹತ್ತು ಹತ್ತು ಕಿ.ಮೀ. ಏರಿಸಿ. ಪ್ರತಿ ನಾಲ್ಕನೇ ವಾರ ಕಮ್ಮಿ ಮಾಡಿ, ಮೈ ಸುಧಾರಿಸಿಕೊಳ್ಳಲಿ. ಹನ್ನೊಂದನೇ ವಾರದ ಹೊತ್ತಿಗೆ 120 ಮುಟ್ಟಿದರೆ ಸಾಕು. 200 ತುಳಿದು ನೋಡಿಯೇ 200ಕ್ಕೆ ಹೋಗಬೇಕಿಲ್ಲ. 120 ಮುಗಿಸಿ ಮನೆಗೆ ಬಂದು, ಸ್ನಾನ ಮಾಡಿ ಊಟ ಮಾಡಿ, ಸಂಜೆ ಮಾರ್ಕೆಟ್ಟಿಗೆ ಹೋಗಿ ಬರುವಷ್ಟು ತ್ರಾಣ ಇದ್ದರೆ ನೀವು ರೆಡಿ.

ಕೊನೆಯ ವಾರ ಏನೂ ಸಾಹಸ ಬೇಡ. ಆ ವಾರ ತುಳಿದದ್ದು ಕಾಲಿಗೆ ಬಲ ಕೊಡಲ್ಲ, ಸುಸ್ತು ಮಾತ್ರ ಕೊಡುತ್ತದೆ.

ಇನ್ನೊಂದು ಮಾತು. ನಾವೆಲ್ಲ ಅಭ್ಯಾಸ ಮಾಡುವುದು ಬೆಳಗ್ಗೆ 5ರಿಂದ 9. ತಂಪು, ಖಾಲಿ ರಸ್ತೆ. ಬ್ರೆವೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಹೈವೇ ಡಾಂಬರಿನ ಮೇಲೆ ಇರುತ್ತೀರಿ. ಕೆಳಗಿಂದ ಕಾವು, ಮೇಲಿಂದ ಬಿಸಿಲು. ಎರಡು ಮೂರು ಸಲವಾದರೂ ಬೇಕಂತಲೇ ತಡವಾಗಿ ಹೊರಟು ಬಿಸಿಲಲ್ಲಿ ತುಳಿದು ನೋಡಿ. ಹೊಟ್ಟೆ ಆಗ ಏನು ಬೇಡ ಅನ್ನುತ್ತದೆ, ಏನು ತಗೊಳ್ಳುತ್ತದೆ ಅಂತ ಗೊತ್ತಾಗುತ್ತದೆ.

ಹೈಬ್ರಿಡ್ ಸೈಕಲ್ ಇದೆ. ರೋಡ್ ಬೈಕ್ ತಗೊಳ್ಳಲೇಬೇಕಾ?

ಬೇಡ. ಹೈಬ್ರಿಡ್‌ನಲ್ಲಿ 600 ಮುಗಿಸಿದವರನ್ನು ಕಂಡಿದ್ದೇನೆ. ಸ್ಟೀಲಿನ ಹಳೇ ಸೈಕಲ್ಲೂ ನಡೆಯುತ್ತದೆ. ದುಡ್ಡು ಹಾಕುವುದಾದರೆ ಮೊದಲು ಒಳ್ಳೆಯ ಟೈರು, ಆಮೇಲೆ ಸೀಟು, ಆಮೇಲೆ ಪ್ಯಾಡ್ ಇರುವ ಚಡ್ಡಿ. ಕಾರ್ಬನ್ ಫ್ರೇಮು ಆಮೇಲೆ ನೋಡೋಣ.

ಟೈರು 28 ಅಥವಾ 32 ಮಿ.ಮೀ. ಅಗಲ ಇರಲಿ. ನಮ್ಮ ರಸ್ತೆಗೆ 23 ಸಣ್ಣದಾಯಿತು. ಗಾಳಿ ಕಲ್ಲಿನಂತೆ ಗಟ್ಟಿ ಹೊಡೆಸಬೇಡಿ, ಸಣ್ಣ ಸಣ್ಣ ಕುಲುಕೆಲ್ಲ ನೇರ ಕೈಗೂ ಸೊಂಟಕ್ಕೂ ಏರುತ್ತದೆ.

ಏರು ಅಂದ್ರೆ ಭಯ. ನಂದಿ ಬೆಟ್ಟ ಹತ್ತಲೇಬೇಕಾ?

ಹತ್ತಿದರೆ ಒಳ್ಳೆಯದು. 1478 ಮೀಟರ್ ಎತ್ತರದ ಬೆಟ್ಟ, ಬೆಂಗಳೂರಿನವರಿಗೆಲ್ಲ ಅದೇ ಗರಡಿಮನೆ. ಆದರೆ ಹೈವೇ ಬ್ರೆವೆಯಲ್ಲಿ ಕಾಡುವುದು ಅಂಥ ಕಡಿದಾದ ಏರಲ್ಲ. ಕಣ್ಣಿಗೆ ಸಮತಟ್ಟು ಅನ್ನಿಸುವ, ಎರಡು ಮೂರು ಕಿ.ಮೀ. ಉದ್ದದ ಮೆತ್ತನೆ ಏರು. "ಬ್ರೇಕ್ ಏನಾದ್ರೂ ಹಿಡ್ಕೊಂಡಿದೆಯಾ" ಅಂತ ಇಳಿದು ನೋಡುವಂತೆ ಮಾಡುತ್ತದೆ. ಅಲ್ಲಿ ಗೇರ್ ಇಳಿಸಿ, ಕಾಲು ಹಗುರವಾಗಿ ತಿರುಗಲಿ. ಹಿಂದಿನ ಚಕ್ರದ ಕ್ಯಾಸೆಟ್‌ನಲ್ಲಿ, ಅಂದರೆ ಹಲ್ಲುಚಕ್ರಗಳ ಗುಂಪಿನಲ್ಲಿ, ದೊಡ್ಡದಕ್ಕೆ 32 ಹಲ್ಲು ಇದ್ದರೆ ಮಂಡಿ ನಿಮಗೆ ಕೈಮುಗಿಯುತ್ತದೆ. ಇಳಿದು ತಳ್ಳಿಕೊಂಡು ಹೋಗುವುದಕ್ಕೂ ಅಡ್ಡಿಯಿಲ್ಲ.

ಏರಿಗಿಂತ ಗಾಳಿ ಜಾಸ್ತಿ ಕಾಡುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನೆಟ್ಟಿಲ್ಲ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಬೆಂಗಳೂರಿಂದ ತುಮಕೂರು, ಶಿರಾ, ಹಿರಿಯೂರು ಕಡೆ ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಚಳಿಗಾಲದಲ್ಲಿ ಉಲ್ಟಾ. ಹೋಗುವಾಗ ಗಂಟೆಗೆ 26 ಬರುತ್ತಿರುತ್ತದೆ, "ಇವತ್ತು ನಾನು ಭಾರಿ ಫಾರ್ಮಲ್ಲಿದ್ದೀನಿ" ಅನ್ನಿಸುತ್ತದೆ. ತಿರುಗಿದ ಮೇಲೆ ಗೊತ್ತಾಗುತ್ತದೆ, ಅಲ್ಲಿವರೆಗೆ ತುಳಿದದ್ದು ಯಾರು ಅಂತ. ಹೋಗುವಾಗ ಸಲೀಸಾಗಿದ್ದರೆ ಬರುವ ದಾರಿಗೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಎದುರುಗಾಳಿಯಲ್ಲಿ ಮೂರು ನಾಲ್ಕು ಜನ ಸಾಲಾಗಿ ಒಬ್ಬರ ಹಿಂದೆ ಒಬ್ಬರು ಹೋದರೆ ಹಿಂದಿನವರಿಗೆ ಬಹಳ ಹಗುರ. ಇದಕ್ಕೆ ಬ್ರೆವೆಯಲ್ಲಿ ತಡೆಯಿಲ್ಲ. ಲಾರಿಯ ಹಿಂದೆ ಮಾತ್ರ ಹೋಗಬೇಡಿ, ನಿಯಮವೂ ಒಪ್ಪಲ್ಲ, ಜೀವವೂ ಉಳಿಯಲ್ಲ.

ದಾರಿಯಲ್ಲಿ ಏನು ತಿನ್ನಬೇಕು? ಜೆಲ್ ಬೇಕಾ?

ಜೆಲ್ ಅಂದರೆ ಸವಾರರು ಶಕ್ತಿಗೆ ಹೀರುವ ಪಾಕದಂಥ ಸಿಹಿ, ಅದಿಲ್ಲದೆ ನಡೆಯುತ್ತದೆ. ನಮ್ಮ ಊಟವೇ ಸಾಕು, ಹೊತ್ತು ಹೊತ್ತಿಗೆ ಹೊಟ್ಟೆಗೆ ಬೀಳಬೇಕು ಅಷ್ಟೇ.

ಉದ್ದದ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗುತ್ತದೆ. ಒಂದು ದೊಡ್ಡ ಪಚ್ಚಬಾಳೆ ಹಣ್ಣಿನಲ್ಲಿ ಹತ್ತಿರಹತ್ತಿರ 25 ಗ್ರಾಂ ಸಿಗುತ್ತದೆ. ಏಲಕ್ಕಿ ಬಾಳೆ ಚಿಕ್ಕದು, ಎರಡು ತಿನ್ನಿ. ಕಡಲೆ ಚಿಕ್ಕಿ, ಖರ್ಜೂರ, ಬೆಲ್ಲದ ತುಂಡು ಜೇಬಿನಲ್ಲಿರಲಿ. ಬೆಲ್ಲ ಬಿಸಿಲಿಗೆ ಕರಗಿ ಜೇಬಿಗೆ ಅಂಟಿಕೊಳ್ಳುತ್ತದೆ, ಕವರಿನಲ್ಲಿ ಹಾಕಿಕೊಳ್ಳಿ. ಹೋಟೆಲಿನಲ್ಲಿ ಇಡ್ಲಿ, ಚಿತ್ರಾನ್ನ. ಮಧ್ಯಾಹ್ನಕ್ಕೆ ಮೊಸರನ್ನಕ್ಕೆ ಸಮ ಯಾವುದೂ ಇಲ್ಲ, ಉಪ್ಪೂ ಇದೆ, ತಂಪೂ ಇದೆ, ಅಗಿಯುವ ಕಷ್ಟವೂ ಇಲ್ಲ. ಪೂರಿ, ಬೋಂಡ, ವಡೆ ನೋಡಿ ಬಾಯಲ್ಲಿ ನೀರು ಬರುತ್ತದೆ, ಬೇಡ. ಎಣ್ಣೆ ತಿಂಡಿ ಅರಗಲು ಹೊತ್ತು ಬೇಕು, ಮುಂದಿನ ನಲವತ್ತು ಕಿ.ಮೀ. ತೇಗುತ್ತಲೇ ಹೋಗಬೇಕಾಗುತ್ತದೆ. ನನಗೆ ಮುದ್ದೆ ಅಂದರೆ ಪ್ರಾಣ, ಆದರೆ ಬ್ರೆವೆ ನಡುವೆ ಮುದ್ದೆ ತಿಂದರೆ ಕಣ್ಣು ಎಳೆಯುತ್ತದೆ. ಅದನ್ನು ಹಿಂದಿನ ದಿನ ಮಧ್ಯಾಹ್ನ ತಿನ್ನುತ್ತೇನೆ.

ಹಸಿವಾದಾಗ ತಿನ್ನೋಣ ಅಂತ ಕಾಯಬೇಡಿ. ಹಸಿವು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಕಣ್ಣು ಮಂಜಾಗಿ, ಕೈ ನಡುಗಿ, ಸುಮ್ಮಸುಮ್ಮನೆ ಸಿಟ್ಟು ಬರಲು ಶುರುವಾಗುತ್ತದೆ. ಜೊತೆಗಿರುವವರು ವಿನಾಕಾರಣ ಬೈಯುತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಒಂದು ಬಾಳೆಹಣ್ಣು ಕೊಡಿ. ಮೊಬೈಲಿನಲ್ಲಿ ಅರ್ಧ ಗಂಟೆಗೊಂದು ಅಲಾರಾಂ ಇಟ್ಟುಕೊಂಡು, ಹೊಡೆದಾಗೆಲ್ಲ ಎರಡು ತುತ್ತು ತಿನ್ನಿ. ಸೈಕಲ್ ಮೇಲೇ ತಿನ್ನುವುದನ್ನು ಅಭ್ಯಾಸ ಮಾಡಿಕೊಂಡರೆ ಹೋಟೆಲಿನ ಅರ್ಧ ಗಂಟೆ ಉಳಿಯುತ್ತದೆ.

ನೀರು ಎಷ್ಟು ಕುಡಿಯಬೇಕು?

ಬಾಯಾರಿಕೆಗೆ ತಕ್ಕಷ್ಟು, ಗುಟುಕು ಗುಟುಕಾಗಿ. ಬಿಸಿಲಿದ್ದರೆ ಗಂಟೆಗೆ ಅರ್ಧ ಲೀಟರಿಂದ ಮುಕ್ಕಾಲು ಲೀಟರು ಆಗಬಹುದು. ಎರಡು ಬಾಟಲಿ ಇರಲಿ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್. ಪುಡಿಯ ಪ್ಯಾಕೆಟ್ಟಿನ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತದೆ, ದೊಡ್ಡ ಪ್ಯಾಕೆಟ್ಟಾದರೆ ಒಂದು ಲೀಟರಿಗೆ. ಅರ್ಧ ಬಾಟಲಿಗೆ ಒಂದು ಪೂರ್ತಿ ಪ್ಯಾಕೆಟ್ಟು ಸುರಿದು ಹೊಟ್ಟೆ ಕೆಡಿಸಿಕೊಂಡವರಿದ್ದಾರೆ. ಪ್ಯಾಕೆಟ್ಟು ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಅಪಾಯ. ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಎಳನೀರು ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಿನಲ್ಲಿ ಹೋಗುವ ಸೋಡಿಯಂ ಕಮ್ಮಿ. ಜೊತೆಗೆ ಏನಾದರೂ ಉಪ್ಪಿನದು ತಿನ್ನಿ. ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಬಿಡಲೇಬೇಡಿ.

ಕೂತುಕೂತು ಉರಿಯುತ್ತೆ. ಕೇಳೋಕೆ ನಾಚಿಕೆ...

ನಾಚಿಕೆ ಬೇಡ, ಅರ್ಧಕ್ಕೆ ಬಿಡಲು ಇದೂ ದೊಡ್ಡ ಕಾರಣ. ಪ್ಯಾಡ್ ಚಡ್ಡಿಯ ಒಳಗೆ ಬೇರೆ ಒಳಚಡ್ಡಿ ಹಾಕಬಾರದು, ಅದರ ಹೊಲಿಗೆಯೇ ಉಜ್ಜುವುದು. ಹೊರಡುವ ಮೊದಲು ತೊಡೆಸಂದಿಗೆ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, 100 ಕಿ.ಮೀ. ಆದಮೇಲೆ ಇನ್ನೊಂದು ಸಲ. ಮೆತ್ತಗಿನ ಜೆಲ್ ಸೀಟ್ ಕವರು ಅಂಗಡಿಯಲ್ಲಿ ಹಿತವಾಗಿರುತ್ತದೆ, ಮೂರು ಗಂಟೆ ಆದಮೇಲೆ ಅದೇ ಶತ್ರು. ಕೂರುವ ಮೂಳೆಗಳ ಅಗಲಕ್ಕೆ ಸರಿಯಾದ, ಸ್ವಲ್ಪ ಗಟ್ಟಿ ಸೀಟೇ ಉತ್ತಮ. ಹೆಂಗಸರಿಗೆ ಸಾಮಾನ್ಯವಾಗಿ ಅಗಲದ ಸೀಟು ಬೇಕಾಗುತ್ತದೆ.

ಮಂಡಿ ನೋವು, ಕೈ ಜೋಮು?

ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿರಬಹುದು, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿರಬಹುದು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಂದಾಗ ಕಾಲು ನೇರವಾದರೆ ಎತ್ತರ ಹೆಚ್ಚುಕಮ್ಮಿ ಸರಿ. ಬದಲಾಯಿಸುವಾಗ ಅರ್ಧ ಸೆಂ.ಮೀ.ಗಿಂತ ಜಾಸ್ತಿ ಒಂದೇ ಸಲ ಬೇಡ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಅಂಗೈ ಮೇಲೆ ಭಾರ ಜಾಸ್ತಿ ಬಿದ್ದು ನರ ಒತ್ತುತ್ತಿದೆ ಅಂತ. ಐದು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ.

ಪಂಕ್ಚರ್ ಹಾಕಲು ಬರಲ್ಲ. ದಾರಿಯಲ್ಲಿ ಅಂಗಡಿ ಇರುತ್ತಲ್ಲ?

ಇರುತ್ತದೆ, ಲಾರಿ ಟೈರಿಗೆ! ಕಲಿಯಲೇಬೇಕು. ಎರಡು ಟ್ಯೂಬು, ಟೈರ್ ಲಿವರ್, ಪ್ಯಾಚು, ಪಂಪು, ಅಲೆನ್ ಕೀ, ಒಂದು ಚೈನ್ ಲಿಂಕ್. ಮನೆಯಲ್ಲಿ ಹಿಂದಿನ ಚಕ್ರವನ್ನು ಐದು ಸಲ ಬಿಚ್ಚಿ ಹಾಕಿ, ಒಂದು ಸಲ ಕತ್ತಲಲ್ಲಿ.

ನಮ್ಮ ಹೈವೇಗಳಲ್ಲಿ ಪಂಕ್ಚರ್ ಮಾಡುವುದು ಮೊಳೆಗಿಂತ ಜಾಸ್ತಿ ಕೂದಲೆಳೆಯಂಥ ಉಕ್ಕಿನ ತಂತಿ. ಸಿಡಿದ ಲಾರಿ ಟೈರುಗಳಿಂದ ಉದುರಿ ರಸ್ತೆ ಅಂಚಿನಲ್ಲಿ ಬಿದ್ದಿರುತ್ತದೆ. ಟ್ಯೂಬು ಬದಲಿಸುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ತಂತಿ ಹುಡುಕಿ ತೆಗೆಯಿರಿ. ಅವಸರಕ್ಕೆ ಹಾಗೇ ಹಾಕಿದರೆ ಎರಡೇ ಕಿ.ಮೀ.ಗೆ ಹೊಸ ಟ್ಯೂಬೂ ಸೀಟಿ ಹೊಡೆಯುತ್ತದೆ.

ಮನೆಯವರು ಕಾರಿನಲ್ಲಿ ಹಿಂದೆ ಬರಬಹುದಾ?

ಹಿಂದೆ ಬರುವಂತಿಲ್ಲ. ಕಂಟ್ರೋಲಿನಲ್ಲಿ ಕಾದಿದ್ದು ಅಲ್ಲಿ ಊಟ, ನೀರು ಕೊಡಬಹುದು. ನಡುದಾರಿಯಲ್ಲಿ ಕೊಟ್ಟರೆ ನಿಮ್ಮನ್ನು ಕೈಬಿಡುತ್ತಾರೆ. ಆದರೆ ದಾರಿಯ ಅಂಗಡಿಯಿಂದ ಏನು ಬೇಕಾದರೂ ಕೊಳ್ಳಬಹುದು, ಜೊತೆ ಸವಾರರ ಪಂಪು ಕೇಳಬಹುದು.

ಹಗಲಲ್ಲೇ ಮುಗಿಯುತ್ತಲ್ಲ, ಲೈಟ್ ಯಾಕೆ?

ಬೆಳಗ್ಗೆ 6ಕ್ಕೆ ಹೊರಟರೆ ನಿಮ್ಮ ಗಡುವು ಸಂಜೆ 7:30. ಡಿಸೆಂಬರಿನಲ್ಲಿ ಆರು ಗಂಟೆಗೆ ಸೂರ್ಯ ಮುಳುಗಿರುತ್ತಾನೆ. ಮುಂದೆ ಬಿಳಿ, ಹಿಂದೆ ಕೆಂಪು ಲೈಟು, ಹೊಳೆಯುವ ಪಟ್ಟಿಯ ಜಾಕೆಟ್ಟು, ಹೆಲ್ಮೆಟ್ಟು ಬೇಕೇ ಬೇಕು. ಶುರುವಿನಲ್ಲೇ ಪರೀಕ್ಷೆ ಮಾಡುತ್ತಾರೆ, ಇಲ್ಲದಿದ್ದರೆ ಬಿಡಲ್ಲ.

ರಸ್ತೆಯಲ್ಲಿ ಏನೇನು ನೋಡ್ಕೋಬೇಕು?

ಎದುರಿಂದ ರಾಂಗ್ ಸೈಡಲ್ಲಿ ಬರುವ ಬೈಕು, ಟ್ರಾಕ್ಟರು. ಸೇತುವೆಗಳ ಮೇಲಿನ ಕಬ್ಬಿಣದ ಸಂದು, ಟೈರು ಅದರಲ್ಲಿ ಸಿಕ್ಕಿಕೊಳ್ಳದಂತೆ ಅಡ್ಡಕ್ಕೆ ದಾಟಿ. ಸುಗ್ಗಿಯಲ್ಲಿ ಹಳ್ಳಿ ರಸ್ತೆಗೆ ಹೋದರೆ ರಸ್ತೆಯೇ ಕಣ. ರಾಗಿ, ಹುರುಳಿ ತೆನೆ ಹಾಸಿರುತ್ತಾರೆ. ಹುರುಳಿ ಬಳ್ಳಿ ಗೇರಿಗೆ ಸುತ್ತಿಕೊಂಡರೆ ಬಿಡಿಸಲು ಕಾಲು ಗಂಟೆ ಬೇಕು. ಪಕ್ಕದಲ್ಲಿ ಜಾಗವಿದ್ದರೆ ಇಳಿದು ಎತ್ತಿಕೊಂಡು ದಾಟುವುದೇ ಮೇಲು. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ಗದರಿ, ಬಿಡದಿದ್ದರೆ ಇಳಿದು ಸೈಕಲ್ ಅಡ್ಡ ಇಟ್ಟುಕೊಳ್ಳಿ. ಓಟದಲ್ಲಿ ನಾಯಿಯೇ ಗೆಲ್ಲುವುದು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಸೈಕಲ್ಲಿಗೆ ಪ್ರವೇಶವಿಲ್ಲ. ಅಭ್ಯಾಸಕ್ಕೆ ಆ ಕಡೆ ಹೋಗುವವರು ಸರ್ವಿಸ್ ರಸ್ತೆಯಲ್ಲೇ ಇರಬೇಕು. ಕನಕಪುರ, ಮಳವಳ್ಳಿ ಕಡೆಯ ದಾರಿ ನೋಡಲೂ ಚೆಂದ.

ಹೆಂಗಸರು ಒಬ್ಬರೇ ಬರಬಹುದಾ?

ಬರುತ್ತಾರೆ. ದೂರ, ಗಡುವು ಎಲ್ಲರಿಗೂ ಒಂದೇ. ಶೌಚಾಲಯಕ್ಕೆ ದೊಡ್ಡ ಪೆಟ್ರೋಲ್ ಬಂಕುಗಳನ್ನು ಮೊದಲೇ ಮ್ಯಾಪಿನಲ್ಲಿ ಗುರುತು ಮಾಡಿಕೊಳ್ಳಿ. ಶೌಚಾಲಯ ಸಿಗಲ್ಲ ಅಂತ ನೀರು ಕಮ್ಮಿ ಕುಡಿಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. 300, 400ಕ್ಕೆ ಹೋದಾಗ ರಾತ್ರಿ ಹೊತ್ತು ಗಂಡಸರೂ ಒಬ್ಬರೇ ಹೋಗುವುದು ಕಮ್ಮಿ, ಶುರುವಿನಲ್ಲೇ ಜೊತೆ ನೋಡಿಕೊಳ್ಳುತ್ತಾರೆ.

ವಯಸ್ಸು 52, ಶುಗರ್ ಇದೆ.

ಮೊದಲು ಡಾಕ್ಟರನ್ನು ಕೇಳಿ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತಗೊಳ್ಳುವವರಿಗೆ ದಿನವಿಡೀ ತುಳಿದಾಗ ಸಕ್ಕರೆ ಅಂಶ ಜಾಸ್ತಿಯೇ ಇಳಿಯಬಹುದು. ಮಾತ್ರೆಯ ಅಳತೆ ಬಗ್ಗೆ ಅವರೇ ಹೇಳಬೇಕು, ನಾನಲ್ಲ. ಯಾವ ವಯಸ್ಸಿನವರೇ ಆಗಲಿ, ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ.

ಅರ್ಧಕ್ಕೆ ಬಿಟ್ರೆ?

ಡಿಎನ್‌ಎಫ್ ಅನ್ನುತ್ತಾರೆ, ಮುಗಿಸಲಿಲ್ಲ ಅಂತ. ಅವಮಾನವೇನಿಲ್ಲ. ಆದರೆ ನಡೆಸುವವರಿಗೆ ಫೋನು ಮಾಡಿ ತಿಳಿಸಲೇಬೇಕು. ಒಂದು ಸಲ ಒಬ್ಬರು ಹೇಳದೆ ಬಸ್ಸು ಹತ್ತಿ ಮನೆಗೆ ಹೋಗಿ ಮಲಗಿದ್ದರು. ಸ್ವಯಂಸೇವಕರು ರಾತ್ರಿ ಹನ್ನೊಂದರವರೆಗೆ ಕತ್ತಲಲ್ಲಿ ರಸ್ತೆ ಬದಿ ಹುಡುಕುತ್ತಿದ್ದರು.

200 ಆದಮೇಲೆ ಏನು?

ಒಂದೇ ಋತುವಿನಲ್ಲಿ 200, 300, 400, 600 ನಾಲ್ಕನ್ನೂ ಮುಗಿಸಿದರೆ ಸೂಪರ್ ರಾಂಡನರ್ ಅನ್ನುವ ಬಿರುದು. ಋತು ಶುರುವಾಗುವುದು ನವೆಂಬರಿನಲ್ಲಿ. ಅದರ ಆಚೆ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಅನ್ನುವ ದೊಡ್ಡ ಸವಾರಿ ಇದೆ. ಮೊದಲು ನಡೆದದ್ದು 1891ರಲ್ಲಿ. ಈಗ ನಾಲ್ಕು ವರ್ಷಕ್ಕೊಮ್ಮೆ, ಸುಮಾರು 1200 ಕಿ.ಮೀ., ಗಡುವು 90 ಗಂಟೆ. ಹಿಂದಿನದು 2023ರಲ್ಲಾಯಿತು. ಅದರ ಹೆಸರಿನಲ್ಲಿ ಫ್ರಾನ್ಸಿನಲ್ಲಿ ಚಕ್ರದ ಆಕಾರದ ಒಂದು ಸಿಹಿತಿಂಡಿಯೂ ಇದೆ. ಸದ್ಯಕ್ಕೆ ಇಡ್ಲಿ ಸಾಕು.

ಮುಗಿದ ಮೇಲೆ ಮೆಡಲ್ ಅಲ್ಲೇ ಕೊಡ್ತಾರಾ?

ಇಲ್ಲ. ನಿಮ್ಮ ಫಲಿತಾಂಶ ಪ್ಯಾರಿಸ್ಸಿಗೆ ಹೋಗಿ ಅಲ್ಲಿ ನೋಂದಣಿಯಾಗಬೇಕು. ಮೆಡಲ್ ಬೇಕಿದ್ದರೆ ಬೇರೆ ದುಡ್ಡು ಕೊಟ್ಟು ಹೇಳಿಡಬೇಕು, ಬರಲು ತಿಂಗಳುಗಳೇ ಹಿಡಿಯಬಹುದು. ಮನೆಗೆ ಹೋಗುವಾಗ ನೀವೇ ಕಾರು ಓಡಿಸಬೇಡಿ, ಸಿಗ್ನಲ್ಲಿನಲ್ಲಿ ನಿದ್ದೆ ಬರುತ್ತದೆ. ಎಲ್ಲಕ್ಕಿಂತ ಮೊದಲು, ಕೊನೆಯ ಕಂಟ್ರೋಲಿಗೆ ಬಂದವರು ಗೇಟಿನ ಹೊರಗೆ ಸೆಲ್ಫಿ ತೆಗೆಯುತ್ತಾ ನಿಲ್ಲಬೇಡಿ. ಒಳಗೆ ಹೋಗಿ ಕಾರ್ಡಿಗೆ ಸಹಿ ಹಾಕಿ ಕೊಡಿ. ಸಮಯ ಬರೆದುಕೊಳ್ಳುವುದು ಕಾರ್ಡು ಅವರ ಕೈಗೆ ಬಂದಾಗ.